ಸಿನ್ಸಿಯರಿನಲ್ಲಿ ಮೇಣವಿದೆಯೇ?

ರೋಮಿನ ಆ ಶಿಲ್ಪಿಗಳ ಕಥೆಯನ್ನು ನೀವೂ ಕೇಳಿರುತ್ತೀರಿ. ಕೇಳಿಲ್ಲವಾದರೆ ನಿಮ್ಮ ಊರಿನಲ್ಲಿ ಇನ್ನೂ ಯಾರೂ ವ್ಯಕ್ತಿತ್ವ ವಿಕಸನ ಶಿಬಿರ ನಡೆಸಿಲ್ಲ ಎಂದರ್ಥ, ನೀವು ಪುಣ್ಯವಂತರು. ಕಥೆ ಹೀಗಿದೆ. ಹಿಂದೆ ರೋಮಿನಲ್ಲಿ ಅಮೃತಶಿಲೆಯ ವಿಗ್ರಹ ಕೆತ್ತುವಾಗ ಎಲ್ಲಾದರೂ ಮೂಗು ಸೀಳಿದರೆ, ತೋಳು ಬಿರಿದರೆ, ಕಳ್ಳ ಶಿಲ್ಪಿಗಳು ಆ ಬಿರುಕಿಗೆ ಮೇಣ ತುಂಬಿ, ಮೇಲೆ ಕಲ್ಲಿನ ಪುಡಿ ಉಜ್ಜಿ ಮಾರಿಬಿಡುತ್ತಿದ್ದರಂತೆ. ಕೊಂಡವನು ಅದನ್ನು ಅಂಗಳದಲ್ಲಿ ನಿಲ್ಲಿಸಿ ಬೀಗುತ್ತಿರುವಾಗ ಬಿಸಿಲೇರಿ, ಮೇಣ ಕರಗಿ, ದೇವರ ಮೂಗು ಜಾರಿ ಗಲ್ಲಕ್ಕೆ ಬರುತ್ತಿತ್ತಂತೆ. ಅದಕ್ಕೇ ನಿಯತ್ತಿನ ಶಿಲ್ಪಿಗಳು ತಮ್ಮ ಅಂಗಡಿಯ ಮುಂದೆ 'ಸಿನೆ ಸೆರಾ' ಎಂದು ಫಲಕ ತೂಗುಹಾಕಿದರಂತೆ. ಲ್ಯಾಟಿನ್ನಿನಲ್ಲಿ ಹಾಗೆಂದರೆ 'ಮೇಣವಿಲ್ಲದ್ದು'. ಆ ಸಿನೆ ಸೆರಾ ಬಾಯಿಂದ ಬಾಯಿಗೆ ಸವೆದು ಇಂಗ್ಲಿಷಿನ 'ಸಿನ್ಸಿಯರ್' ಆಯಿತಂತೆ.

ಎಷ್ಟು 'ಅಂತೆ' ಬಂತು ನೋಡಿ. ಕನ್ನಡದ ಈ 'ಅಂತೆ' ಮಹಾ ಉಪಕಾರಿ. ಹೇಳುವವನು ಹೇಳಿಯೂ ಹೊಣೆ ಹೊರುವುದಿಲ್ಲ, ಕೇಳುವವನು ಕೇಳಿಯೂ ಸಾಕ್ಷಿ ಕೇಳುವುದಿಲ್ಲ. ನನ್ನಂಥ ಅನುಮಾನದ ಪಿಶಾಚಿಗಳು ಮಾತ್ರ ಪ್ರತಿ 'ಅಂತೆ'ಯ ಹತ್ತಿರವೂ ನಿಂತು, ಅದರ ಸೆರಗು ಎತ್ತಿ, ಹಿಂದೆ ಯಾರು ಅಡಗಿದ್ದಾರೆ ಎಂದು ನೋಡುತ್ತಿರುತ್ತೇವೆ.

ನನ್ನ ಆಕ್ಷೇಪ ತೀರಾ ಸರಳ. 'ಇಲ್ಲಿ ಮೇಣವಿಲ್ಲ' ಎಂದು ಫಲಕ ಹಾಕುವುದರಿಂದ ಯಾರಿಗೆ ಲಾಭ? ಮೇಣ ತುಂಬುವವನಿಗೇ. ಅರಸೀಕೆರೆಯ ಸಂತೆಯಲ್ಲಿ 'ಅಪ್ಪಟ ಬೆಣ್ಣೆ' ಎಂದು ಕೂಗುವವರ ಮುಂದೆ ಅಮ್ಮ ಒಂದು ಕ್ಷಣವೂ ನಿಲ್ಲುವುದಿಲ್ಲ. ಕೂಗದೆ ಕೂತಿರುವವಳ ಹತ್ತಿರ ಹೋಗಿ ಬೆರಳಿನಲ್ಲಿ ತೀಡಿ, ಮೂಸಿ ನೋಡುತ್ತಾಳೆ. ರೋಮಿನ ಗೃಹಿಣಿಯರಿಗೆ ಅಷ್ಟೂ ಬುದ್ಧಿ ಇರಲಿಲ್ಲವೇ? ಸಾಲದ್ದಕ್ಕೆ ಇದೇ ಕಥೆಯನ್ನು ಜೇನುತುಪ್ಪಕ್ಕೂ ಹೇಳುವವರಿದ್ದಾರೆ: ಮೇಣವಿಲ್ಲದಂತೆ ಸೋಸಿದ ಜೇನೇ ಸಿನ್ಸಿಯರ್ ಅಂತೆ. ಒಂದೇ ಪದ ಎರಡು ಮನೆಯಲ್ಲಿ ಹುಟ್ಟಿತು ಎಂದರೆ ಒಂದು ಮನೆಯವರಾದರೂ ಸುಳ್ಳು ಹೇಳುತ್ತಿದ್ದಾರೆ. ಇಬ್ಬರೂ ಇರಬಹುದು.

ಇಷ್ಟೆಲ್ಲ ಕಟಕಟೆ ಯಾಕೆ ಕಟ್ಟುತ್ತಿದ್ದೇನೆಂದರೆ, ಈ ಕಥೆ ಈಗ ನಮ್ಮ ಮನೆಯ ಆಸ್ತಿಯಾಗಿದೆ. ಅಪ್ಪ ಯಾವ ಸಭೆಗೆ ಹೋದರೂ ಇದನ್ನು ಹೇಳದೆ ಕೆಳಗಿಳಿಯುವುದಿಲ್ಲ. "ನಮ್ಮ ಅಳಿಯಂದಿರು ಬೇಲೂರಿನಲ್ಲಿ ನಿಂತು ಹೇಳಿದ ಮಾತಿದು" ಎಂದು ಶುರುಮಾಡಿ, ಮೂಗು ಜಾರುವಲ್ಲಿ ತಮ್ಮ ಮೂಗನ್ನೇ ಹಿಡಿದು ತೋರಿಸಿ, "ಆದ್ದರಿಂದ ಬಂಧುಗಳೇ, ಮೇಣವಿಲ್ಲದ ಬಾಳು ಬಾಳೋಣ" ಎಂದು ಮುಗಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾನು ಕೊನೆಯ ಸಾಲಿನಲ್ಲಿ ಕೂತು ತುಟಿ ಕಚ್ಚಿಕೊಳ್ಳುತ್ತೇನೆ. ಕಥೆ ಸುಳ್ಳೆಂಬ ಸಂಕಟ ಒಂದಾದರೆ, ಅದು ನಮ್ಮ ಮನೆಯೊಳಗೆ ಬಂದ ದಾರಿಯ ಮೇಲಿನ ಅನುಮಾನ ಇನ್ನೊಂದು.

ಮೊನ್ನೆ ಹಾಲ್‌ನ ಶೋಕೇಸಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಅನುಮಾನ ಮತ್ತೆ ಎದ್ದು ಕೂತದ್ದು ಅದರಿಂದ. ಏನು ಕಂಡೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಪ್ಪ ನನ್ನ ಬರಹಗಳ ಮೊದಲೆರಡು ಪ್ಯಾರಾ ಓದಿ "ಚೆನ್ನಾಗಿದೆ ಕಣಮ್ಮ" ಎಂದು ಮಡಚಿಡುವವರು. ಹಾಗಾಗಿ ಕೊನೆಯೇ ಸುರಕ್ಷಿತ ಜಾಗ.

ನಮ್ಮ ಕಡೆ 'ಸಿನ್ಸಿಯರ್' ಎಂಬುದಕ್ಕೂ ಲ್ಯಾಟಿನ್ನಿಗೂ ಮಾತುಕತೆಯೇ ಇಲ್ಲ. ಇಲ್ಲಿ ಅದರ ಅರ್ಥ ಬೇರೆ. ಎದುರು ಮಾತಾಡದೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ ಯಾವುದೇ ಪ್ರಾಣಿ, ವಸ್ತು ಸಿನ್ಸಿಯರ್. ಹಾರನಹಳ್ಳಿಯ ನಮ್ಮ ಪುಟ್ಟಮ್ಮ ದೊಡ್ಡಮ್ಮನ ಬೋರ್‌ವೆಲ್ ಮೋಟರು ಸಿನ್ಸಿಯರು, ಏಕೆಂದರೆ ಕರೆಂಟು ಬಂದ ತಕ್ಷಣ ತಕರಾರಿಲ್ಲದೆ ನೀರೆತ್ತುತ್ತದೆ. ಕೈ ಅಡ್ಡ ಹಿಡಿದ ಕಡೆ ನಿಲ್ಲಿಸುವ ಟೆಂಪೊ ಡ್ರೈವರ್ ಸಿನ್ಸಿಯರು. ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ಅಕ್ಕನಿಗೆ ವರ್ಷವೂ ಬರುತ್ತಿದ್ದುದು ಒಂದೇ ಪದ, 'ಸಿನ್ಸಿಯರ್'. ನನಗೆ ಬರುತ್ತಿದ್ದುದು 'ಸಿನ್ಸಿಯರ್ ಬಟ್ ಟಾಕೆಟಿವ್'. ಆ 'ಬಟ್' ನನ್ನ ಬಾಲ್ಯವನ್ನೆಲ್ಲ ಹಾಳುಮಾಡಿತು. ನಾನು ಚರ್ಚಾಸ್ಪರ್ಧೆಗೆ ಹೋದದ್ದೇ ಆ 'ಬಟ್'ನ ಮೇಲಿನ ಸೇಡಿಗೆ.

ಅಕ್ಕನ ಹೆಸರು ಸುಜಾತ. ನನ್ನದು ಮೈತ್ರಿ, ವಾದ ಮಾಡಿ ಮಾಡಿ ನಾನು ಕಳೆದುಕೊಂಡ ಗೆಳತಿಯರು ಈ ಹೆಸರನ್ನು ನೆನೆದು ಈಗಲೂ ನಗುತ್ತಾರೆ. ತಾತ ಬೌದ್ಧರಾದ ಮೇಲೆ ನಮ್ಮ ಮನೆಯಲ್ಲಿ ಹೆಸರಿಡುವ ರೀತಿಯೂ ಬದಲಾಯಿತು, ಜಾತಕ ಬರೆಸುವುದೂ ನಿಂತಿತು. ಆದರೆ ಮದುವೆ ಎಂದ ಮೇಲೆ ಏನನ್ನಾದರೂ ನೋಡಲೇಬೇಕಲ್ಲ. ಜಾತಕದ ಜಾಗದಲ್ಲಿ ನಮ್ಮ ಅಪ್ಪ ನನ್ನನ್ನು ಇಟ್ಟರು. "ಗ್ರಹಗತಿ ಕೇಳೋದು ಮೌಢ್ಯ. ಪ್ರಶ್ನೆ ಕೇಳೋದು ವಿವೇಕ. ಮೈತ್ರಿ ಕೇಳ್ತಾಳೆ" ಎಂದು ನೆಂಟರಿಗೆಲ್ಲ ಸಾರಿದ್ದರು. ಅಕ್ಕನಿಗೆ ಬಂದ ಹಿಂದಿನ ಒಂದೆರಡು ಗಂಡುಗಳು ನನ್ನ ಪ್ರಶ್ನೆಗೆ ಬೆವರಿ, ಕಾಫಿ ಪೂರ್ತಿ ಕುಡಿಯದೆ ಹೋಗಿದ್ದರು. ನಾನು ಬೇಡವೆಂದರೆ ಬೇಡ. ಅಪ್ಪ ಮತ್ತೆ ಆ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಯಾವ ಶನಿಗೂ ಅಷ್ಟು ಅಧಿಕಾರ ಇದ್ದಿರಲಾರದು.

ಅಪ್ಪನನ್ನೂ ನಿಮಗೆ ಪರಿಚಯಿಸಬೇಕು. ಅವರು ರೈಲ್ವೆಯಲ್ಲಿ, ಅರಸೀಕೆರೆ ಸ್ಟೇಷನ್ನಿನಲ್ಲೇ ಕೆಲಸ. ಭಾಷಣದಲ್ಲಿ ಪ್ರೇಮವಿವಾಹದ ಪರ. "ಮನಸ್ಸು ಮನಸ್ಸು ಒಪ್ಪಿದ ಮೇಲೆ ಮಧ್ಯೆ ನಾವ್ಯಾರು?" ಎಂದು ಮೈಕಿನಲ್ಲಿ ಕೇಳುತ್ತಾರೆ. ಆದರೆ ನಮ್ಮ ಸೋದರತ್ತೆಯ ಮಗ ತಾನೇ ಹುಡುಗಿ ನೋಡಿಕೊಂಡು ಮದುವೆಯಾದಾಗ ಅಪ್ಪ "ಡ್ಯೂಟಿ ಇದೆ" ಎಂದು ಹೋಗಲಿಲ್ಲ. ಅವತ್ತು ಡ್ಯೂಟಿ ಇರಲಿಲ್ಲ. ದಿನವಿಡೀ ಮನೆಯಲ್ಲಿ ಕೂತು ಹಳೆಯ ರೇಡಿಯೊ ಬಿಚ್ಚಿದರು. "ಪ್ರೀತಿಸಿದ್ದಕ್ಕಲ್ಲ, ನನಗೆ ಮೊದಲೇ ಹೇಳಲಿಲ್ಲವಲ್ಲ ಅಂತ" ಎಂದು ಅತ್ತೆಯ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದರು. ಮೊದಲೇ ಹೇಳಿದ್ದರೆ ಏನೆನ್ನುತ್ತಿದ್ದರು ಎಂಬುದು ಯಾರಿಗೂ ಗೊತ್ತಿಲ್ಲ. ಅಪ್ಪನ ಭಾಷಣಕ್ಕೂ ಅಪ್ಪನಿಗೂ ನಡುವೆ ಹೀಗೊಂದು ಸಣ್ಣ ಬಿರುಕು ಇತ್ತು. ಅಕ್ಕನೂ ನಾನೂ ಅದನ್ನು ನೋಡಿಕೊಂಡೇ ಬೆಳೆದವರು.

ಬಿರುಕು ಎಂದಾಗ ಶೋಕೇಸಿನ ಬುದ್ಧನ ವಿಷಯ ಹೇಳಲೇಬೇಕು. ಬಿಳಿ ಪ್ಲಾಸ್ಟರಿನ ಬುದ್ಧ. ಅಪ್ಪ ಯಾವುದೋ ವಸ್ತುಪ್ರದರ್ಶನದಿಂದ, ರೈಲಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ತಂದದ್ದು. ನಾವು ಚಿಕ್ಕವರಿದ್ದಾಗ ಒಂದು ಬುದ್ಧಪೂರ್ಣಿಮೆಯ ಹಿಂದಿನ ದಿನ ಅಕ್ಕ ಧೂಳು ಒರೆಸುತ್ತಿದ್ದಳು. ಬಟ್ಟೆ ಸಿಕ್ಕಿಕೊಂಡು ಬುದ್ಧನ ಎಡಗಿವಿಯ ಜೋಲು ಭಾಗ ಟಕ್ಕೆಂದು ಮುರಿದು, ಚೂರುಚೂರಾಯಿತು. ನಾನಾಗಿದ್ದರೆ ಅಲ್ಲೇ ನಿಂತು, ದೋಷ ಬಟ್ಟೆಯದೋ ಪ್ಲಾಸ್ಟರಿನದೋ ಎಂದು ವಾದ ಹೂಡುತ್ತಿದ್ದೆ. ಅಕ್ಕ ಚೂರುಗಳನ್ನು ಗುಡಿಸಿ ಹಾಕಿದಳು. ಅಡುಗೆಮನೆಯಿಂದ ಮೇಣದಬತ್ತಿಯ ತುಂಡು ತಂದು, ಚಮಚ ಬಿಸಿಮಾಡಿ ಕರಗಿಸಿ, ಬೆರಳಿನಲ್ಲೇ ಕಿವಿ ತಿದ್ದಿ ಕೂರಿಸಿದಳು. ಮೇಲೆ ಒಂದಿಷ್ಟು ಟಾಲ್ಕಮ್ ಪೌಡರು. ಬಲಗಿವಿಗಿಂತ ಎಡಗಿವಿಯೇ ಲಕ್ಷಣವಾಗಿತ್ತು. "ಅಪ್ಪಂಗೆ ಹೇಳ್ಬೇಡ್ವೇನೇ?" ಎಂದೆ. "ಕೇಳಿದ್ರೆ ಹೇಳೋಣ" ಎಂದಳು. ಅಪ್ಪ ಕೇಳಲೇ ಇಲ್ಲ. ಮಾರನೆಯ ದಿನ ಬಂದವರಿಗೆಲ್ಲ, "ನೋಡಿ, ಬುದ್ಧನ ಕಿವಿ ಯಾಕಿಷ್ಟು ಉದ್ದ? ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ಕಿವಿ ಅದು" ಎಂದು ಆ ಮೇಣದ ಕಿವಿಯನ್ನೇ ತೋರಿಸಿ ವಿವರಿಸಿದರು. ಶೋಕೇಸು ಪಶ್ಚಿಮದ ಕಿಟಕಿಯ ಪಕ್ಕ. ಪ್ರತಿ ಬೇಸಿಗೆಯಲ್ಲೂ ಇಳಿಬಿಸಿಲಿಗೆ ಆ ಕಿವಿ ಮೆತ್ತಗಾಗಿ ವಾಲುತ್ತದೆ. ಪ್ರತಿ ಬೇಸಿಗೆಯಲ್ಲೂ ಅಕ್ಕ ಬಿಸಿ ಚಮಚ ಹಿಡಿದು ಅದನ್ನು ಎತ್ತಿ ನಿಲ್ಲಿಸುತ್ತಿದ್ದಳು. ಪ್ರೋಗ್ರೆಸ್ ಕಾರ್ಡಿನಲ್ಲಿ 'ಸಿನ್ಸಿಯರ್' ಎಂದು ಸುಮ್ಮನೆ ಬರೆದಿರಲಿಲ್ಲ.

ಅದೇ ಚಮಚಕ್ಕೆ ಇನ್ನೊಂದು ಉದ್ಯೋಗವೂ ಇತ್ತು. ನಾನು ಕಾಲೇಜಿನ ಚರ್ಚೆಗಳಿಗೆ ತಯಾರಾಗುವಾಗ ಅಕ್ಕನೇ ಎದುರಾಳಿ, ಅಕ್ಕನೇ ತೀರ್ಪುಗಾರ್ತಿ, ಅಕ್ಕನೇ ಗಂಟೆ. ಸ್ಟೀಲ್ ಲೋಟಕ್ಕೆ ಚಮಚದಲ್ಲಿ 'ಟಣ್' ಎಂದು ಬಾರಿಸಿದಳೆಂದರೆ ನನ್ನ ಸಮಯ ಮುಗಿಯಿತು. ಗೆದ್ದು ಬಂದ ದಿನ ನನ್ನ ಗುಟ್ಟುಗಳನ್ನೆಲ್ಲ ಅವಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಅದರಲ್ಲೊಂದು ಹೀಗಿತ್ತು: "ನೋಡಕ್ಕ, ನಿನ್ನ ವಾದ ಎಲ್ಲಿ ಸಡಿಲ ಇದ್ಯೋ ಅಲ್ಲಿಗೆ ಎದುರಿನವ್ರನ್ನ ಬಿಡ್ಬಾರ್ದು. ಅದಕ್ಕೇ ಬೇಕಂತ್ಲೇ ಬೇರೆ ಕಡೆ ಒಂದು ತಪ್ಪು ಉದುರಿಸ್ಬೇಕು. ಅವ್ರು ಅದನ್ನೇ ಕಚ್ಕೊಂಡು ಕೂರ್ತಾರೆ. ಗಂಟೆ ಹೊಡೆಯತ್ತೆ. ನೀನು ಪಾರು." ಅಕ್ಕ ಬಟ್ಟೆ ಮಡಚುತ್ತಾ "ಓಹೋ" ಎಂದಿದ್ದಳು. ಈ 'ಓಹೋ'ವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಆನಂದನ ಸಂಬಂಧ ತಂದದ್ದು ಪುಟ್ಟಮ್ಮ ದೊಡ್ಡಮ್ಮ. ಬಾಣಾವರದ ಹುಡುಗ, ಹಾಸನದಲ್ಲಿ ಕೃಷಿ ಇಲಾಖೆಯ ಕೆಲಸ. ಅಕ್ಕನೂ ಹಾಸನದ ಬ್ಯಾಂಕೊಂದಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು.

"ಹುಡ್ಗ ಭಾರೀ ಸಿನ್ಸಿಯರು ಕಣವ್ವ" ಎಂದರು ದೊಡ್ಡಮ್ಮ, ಕೂತ ಕೂಡಲೇ.

"ಸಿನ್ಸಿಯರು ಅಂದ್ರೆ ಏನು ದೊಡ್ಡಮ್ಮ?" ಎಂದೆ.

"ಅಯ್ಯೋ, ಇಷ್ಟೊಂದು ಓದಿರೋಳು ನನ್ನ ಕೇಳ್ತೀಯಲ್ಲೇ! ಸಿನ್ಸಿಯರು ಅಂದ್ರೆ ಹೇಳ್ದಂಗೆ ಕೇಳ್ಕಂಡು ಇರೋನು."

"ಯಾರು ಹೇಳ್ದಂಗೆ?"

"ಯಾರ್ ಹೇಳಿದ್ರೂವೆ! ನಿಮ್ಮಕ್ಕ ಹೇಳ್ದಂಗೆ ಅಂತ್ಲೇ ಇಟ್ಕೋ."

"ನಿಮಗೆ ಆ ಹುಡುಗ ಹೆಂಗೆ ಗೊತ್ತು? ಬಾಣಾವರದಲ್ಲಿ ನಿಮಗೆ ನೆಂಟರೇ ಇಲ್ವಲ್ಲ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. "ಯಾರೋ ಹೇಳಿದ್ರು ಕಣೇ. ಏನಿದು, ಪೋಲೀಸ್ನೋರ ಥರ! ನಾ ಬತ್ತೀನವ್ವ, ಟೆಂಪೊ ಹೊಂಟೋಯ್ತದೆ."

ಹಾರನಹಳ್ಳಿಗೆ ಸಂಜೆಯ ತನಕ ಟೆಂಪೊಗಳು ಒಂದರ ಹಿಂದೊಂದು ಇರುತ್ತವೆ. ಕಾಫಿ ಬಿಟ್ಟು ಎದ್ದು ಹೋಗುವ ಜಾತಿಯೂ ಅಲ್ಲ ನಮ್ಮ ದೊಡ್ಡಮ್ಮ. ನನ್ನ ಮೂಗಿಗೆ ಆಗಲೇ ಏನೋ ಬಡಿಯಿತು. ಆದರೆ ಮೂಗಿಗೆ ಬಡಿದದ್ದನ್ನು ಬಾಯಿಗೆ ತರುವ ಮುಂಚೆಯೇ ದಿನ ಗೊತ್ತಾಯಿತು. ಎರಡೂ ಮನೆಯವರು ಬೇಲೂರಿನಲ್ಲಿ ಸೇರುವುದು, ಬರುವಾಗ ಹಳೇಬೀಡು ನೋಡಿಕೊಂಡು ಬರುವುದು. ಮನೆಗೆ ಕರೆದು ಉಪ್ಪಿಟ್ಟು ಕೊಟ್ಟು ಹುಡುಗಿ ತೋರಿಸುವುದು ಅಪಮಾನ ಎಂಬುದು ಅಪ್ಪನ ಸಿದ್ಧಾಂತ. ಬೇಲೂರಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನಿಸಿ ತೋರಿಸಿದರೆ ಅಪಮಾನವಲ್ಲವಂತೆ.

ಹೊರಡುವ ಮುಂಚೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಸಂಬಳ ಗಿಂಬಳ ನಾನು ವಿಚಾರಿಸಿದೀನಿ. ನೀನು ಮುಖ್ಯವಾದ್ದು ಕೇಳು. ಇಷ್ಟು ಜನ ಹುಡುಗೀರ ಮಧ್ಯೆ ನಮ್ಮ ಸುಜಾತನೇ ಯಾಕೆ? ಅದಕ್ಕೆ ಏನು ಹೇಳ್ತಾನೆ, ಹೆಂಗೆ ಹೇಳ್ತಾನೆ, ನೋಡು." ಒಳ್ಳೆಯ ಪ್ರಶ್ನೆ. ನಾನು ಅದನ್ನು ಮಡಿಕೆ ಕೆಡದಂತೆ ಮನಸ್ಸಿನಲ್ಲಿಟ್ಟುಕೊಂಡು ಓಮ್ನಿ ಹತ್ತಿದೆ.

ಬೇಲೂರಿನಲ್ಲಿ ಆನಂದನ ಮನೆಯವರು ತಮ್ಮ ಕಾರಿನಲ್ಲಿ ನಮಗಿಂತ ಮೊದಲೇ ಬಂದಿದ್ದರು. ನೋಡುವುದಕ್ಕೆ ಅವರು ಚೆನ್ನಾಗಿದ್ದರು; ಅನುಮಾನಕ್ಕೆ ಅದೇ ಸಾಕು ಎನ್ನುವಷ್ಟು ಚೆನ್ನಾಗಿದ್ದರು. ನಮಸ್ಕಾರ, ಉಪ್ಪಿಟ್ಟು, ಬಿಸಿಲು ಎಲ್ಲ ಆದ ಮೇಲೆ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತೆವು. ಗೈಡೊಬ್ಬ ಯಾರಿಗೋ ಆ ಹಳೆಯ ಕಥೆ ಹೇಳುತ್ತಿದ್ದ. ವಿಗ್ರಹಕ್ಕೆ ಗಂಧ ಬಳಿದಾಗ ಮೈಯೆಲ್ಲ ಒಣಗಿ ಹೊಕ್ಕುಳಿನ ಸುತ್ತ ಮಾತ್ರ ಹಸಿಯಾಗಿಯೇ ಉಳಿದದ್ದು, ಅಲ್ಲಿ ಉಳಿ ತಾಗಿಸಿದರೆ ನೀರೂ ಕಪ್ಪೆಯೂ ಹೊರಬಂದದ್ದು.

"ಕಲ್ಲೊಳಗೆ ಕಪ್ಪೆ ಉಸಿರಾಡೋದು ಹೆಂಗ್ರೀ?" ಎಂದು ಅಪ್ಪ ನಕ್ಕರು. ಸಾಮಾನ್ಯವಾಗಿ ಬೀಗರಾಗಲಿರುವವರು ಇಂಥ ಕಡೆ ಪೆಚ್ಚಾಗುತ್ತಾರೆ. ಆನಂದ ಮಾತ್ರ ಗಂಟಲು ಸರಿಮಾಡಿಕೊಂಡರು.

"ಕಪ್ಪೆ ಸುಳ್ಳೇ ಇರ್ಬೋದು ಸರ್. ಆದ್ರೆ ಯೋಚನೆ ನೋಡಿ. ಇಲ್ಲಿ ಗಂಧ ಹಚ್ಚಿ ದೋಷ ಹುಡುಕಿದ್ರು. ರೋಮ್‌ನಲ್ಲಿ ಮೇಣ ಹಚ್ಚಿ ದೋಷ ಮುಚ್ತಿದ್ರು. ಸಿನ್ಸಿಯರ್ ಅನ್ನೋ ಪದ ಬಂದಿದ್ದೇ ಅಲ್ಲಿಂದ..." ಎಂದು ಶುರುಮಾಡಿ, ಅಂಗಡಿಯ ಫಲಕದವರೆಗೆ ನೀಟಾಗಿ ತಂದು ನಿಲ್ಲಿಸಿದರು.

ಅಪ್ಪನ ಮುಖ ಅರಳಿತು. ಅಮ್ಮ ಕಪ್ಪೆಯನ್ನೇ ಮರೆತಳು. ಅಕ್ಕ ಕಂಬವೊಂದರ ಕೆತ್ತನೆಯನ್ನು, ಅದನ್ನು ತಾನೇ ಕೆತ್ತಿದ್ದೇನೋ ಎಂಬಂತೆ, ನೋಡುತ್ತಿದ್ದಳು. ನಾನು ಹುಲಿಯ ಹಾಗೆ ಎಗರಿದೆ.

"ಕ್ಷಮಿಸಿ, ಅದು ತಪ್ಪು."

"ಹೌದಾ?"

"ಲ್ಯಾಟಿನ್ನಲ್ಲಿ 'ಸಿನ್ಸೆರುಸ್' ಅಂತ ಇಡೀ ಪದವೇ ಇದೆ. ಶುದ್ಧವಾದ, ಕಲಬೆರಕೆ ಇಲ್ಲದ ಅಂತ. ಅದನ್ನ ಎರಡು ತುಂಡು ಮಾಡಿ ಮೇಣ ತುಂಬಿದ್ದು ಆಮೇಲಿನವ್ರು. ನಿಘಂಟು ಮಾಡೋರು ಯಾರೂ ಈ ಮೇಣದ ಕಥೆ ಒಪ್ಪಲ್ಲ."

"ಮತ್ತೆ ಮೂಲ ಏನು?"

"ಮೊದಲ ಅರ್ಧ 'ಒಂದು' ಅನ್ನೋ ಧಾತು ಇರ್ಬೋದು ಅಂತಾರೆ. ಉಳಿದರ್ಧ 'ಬೆಳೆಯೋದು'. ಒಂದೇ ಬೆಳವಣಿಗೆ. ಒಂದೇ ಬೇರಿಂದ, ಬೇರೆ ಏನೂ ಬೆರೀದೆ ಬೆಳೆದಿದ್ದು."

"ಎಷ್ಟು ಚೆನ್ನಾಗಿದೆ! ನಂಗೆ ಗೊತ್ತೇ ಇರ್ಲಿಲ್ಲ. ಇನ್ನೂ ಹೇಳಿ."

ಇನ್ನೂ ಹೇಳಿ ಎಂದವರನ್ನು ನಾನು ಬದುಕಿನಲ್ಲಿ ಮೊದಲ ಸಲ ನೋಡಿದ್ದು. ಹೇಳಿದೆ. ಫಲಕದ ತರ್ಕ ಹೇಳಿದೆ, ಸಂತೆಯ ಬೆಣ್ಣೆ ಹೇಳಿದೆ, ಜೇನಿನ ಪಾಠಾಂತರ ಹೇಳಿದೆ. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದರಿಂದ ರೋಮಿನ ಹೋಲಿಕೆಯೇ ಇಲ್ಲಿ ಸಲ್ಲದು ಎಂದೂ ಹೇಳಿದೆ. ಆತ ಸೋಲುತ್ತಾ ಹೋದರು. ಎಷ್ಟು ಸಲೀಸಾಗಿ ಸೋತರೆಂದರೆ, ಗೆದ್ದ ಖುಷಿಯಲ್ಲಿ ನಾನು ಗುಡಿಗೆ ಒಂದು ಸುತ್ತು ಬಂದಿದ್ದೇ ತಿಳಿಯಲಿಲ್ಲ. ಚಪ್ಪಲಿ ಬಿಟ್ಟ ಜಾಗಕ್ಕೆ ಬಂದಾಗ ದೊಡ್ಡವರೆಲ್ಲ ಕಾಯುತ್ತಿದ್ದರು. ಅಪ್ಪ ಕಣ್ಣಿನಲ್ಲೇ "ಕೇಳಿದೆಯಾ?" ಎಂದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ತಲೆಯಾಡಿಸಿದೆ. ಸುಜಾತನೇ ಯಾಕೆ ಎಂಬ ಪ್ರಶ್ನೆ ಮಡಿಕೆ ಕೆಡದೆ ಹಾಗೇ ಒಳಗಿತ್ತು.

ಹಳೇಬೀಡಿಗೆ ಹೊರಡುವಾಗ "ಹುಡುಗ್ರು ಮಾತಾಡ್ಕೊಳ್ಳಲಿ" ಎಂದು ದೊಡ್ಡವರು ಕಾರು ಹತ್ತಿದರು. ಓಮ್ನಿಯಲ್ಲಿ ಡ್ರೈವರ್, ಪಕ್ಕದಲ್ಲಿ ಆನಂದ, ಹಿಂದೆ ಅಕ್ಕ ಮತ್ತು ಕಾವಲಿಗೆ ನಾನು. ಅಕ್ಕನಿಗೆ ರಸ್ತೆಯ ಪ್ರಯಾಣ ಆಗುವುದಿಲ್ಲ, ವಾಕರಿಕೆ ಬರುತ್ತದೆ. ರೈಲಿಗೆ ಅವಳು ಒಗ್ಗಿಕೊಂಡದ್ದೇ ಅದಕ್ಕೆ. ನಿಂಬೆಹಣ್ಣು ಮೂಸಿದರೆ ಇನ್ನೂ ಜಾಸ್ತಿಯಾಗುತ್ತದೆ. ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು ಬಾಯಲ್ಲಿಟ್ಟುಕೊಂಡರೆ ಮಾತ್ರ ತಡೆಯುತ್ತದೆ. ಅದನ್ನಿಟ್ಟ ಡಬ್ಬಿಯನ್ನು ಅಮ್ಮ ಅವತ್ತು ಮನೆಯಲ್ಲೇ ಮರೆತಿದ್ದಳು. ಊರು ದಾಟುವ ಹೊತ್ತಿಗೆ ಅಕ್ಕನ ಮುಖ ಬಿಳಿಚಿತು. ಅವಳು ಇನ್ನೂ ಏನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮುಂದಿನ ಸೀಟಿನಿಂದ ಒಂದು ಕೈ ಹಿಂದಕ್ಕೆ ಬಂತು. ಕೈಯಲ್ಲಿ ಸಣ್ಣ ಪೊಟ್ಟಣ. ಪೊಟ್ಟಣದಲ್ಲಿ ಒಣಗಿದ ನೆಲ್ಲಿಕಾಯಿ. ಆನಂದ ತಿರುಗಿ ನೋಡಲೂ ಇಲ್ಲ. ಅಕ್ಕ ತೆಗೆದುಕೊಂಡಳು, ಥ್ಯಾಂಕ್ಸ್ ಎನ್ನಲೂ ಇಲ್ಲ.

ಥ್ಯಾಂಕ್ಸ್ ಎನ್ನದಿರುವುದು! ಅಪರಿಚಿತರಿಂದ ದಾರಿ ಕೇಳಿದರೂ ಎರಡು ಸಲ ಥ್ಯಾಂಕ್ಸ್ ಹೇಳುವ ನನ್ನ ಅಕ್ಕ!

"ನಿಮ್ಮ ಹತ್ರ ನೆಲ್ಲಿಕಾಯಿ ಹೇಗೆ?" ಎಂದೆ.

ಆನಂದ ರಸ್ತೆ ನೋಡುತ್ತಲೇ ಹೇಳಿದರು. "ನಂಗೂ ಕಾರು, ಬಸ್ಸು ಆಗಲ್ಲ ಕಣ್ರೀ."

ಹಳೇಬೀಡಿನಲ್ಲಿ ಬೇರೆಯವರು ಗೋಡೆಯ ಮೇಲಿನ ಶಿಲ್ಪ ನೋಡಿದರು, ನಾನು ಕಾರು ಬಸ್ಸು ಆಗದ ಮನುಷ್ಯನನ್ನು ನೋಡಿದೆ. ದೊಡ್ಡ ನಂದಿಯ ಬಳಿ ಆತ ಅಕ್ಕನಿಂದ ಮಾರು ದೂರದಲ್ಲಿ ನಿಂತಿದ್ದರು. ಹೊಸಬರು ನಿಲ್ಲುವಷ್ಟು ದೂರ ಅಲ್ಲ, ಹೊಸಬರಂತೆ ಕಾಣಬೇಕೆಂದವರು ನಿಲ್ಲುವಷ್ಟು ದೂರ. ಹೊರಗೆ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಟ್ಟೆಯ ಮೇಲೆ ತಟ್ಟೆ ತಿಂದು, ವಾಪಸು ಬರುವಾಗ ಓಮ್ನಿಯ ಕಟ್ಟಕಡೆಯ ಎತ್ತಿಹಾಕುವ ಸೀಟಿನಲ್ಲಿ ತಲೆ ಬಗ್ಗಿಸಿ ಮೊಬೈಲಿನಲ್ಲಿ ಏನೋ ಓದುತ್ತಾ ಬಂದರು. ಒಂದು ತೇಗೂ ಬರಲಿಲ್ಲ. ಜಾವಗಲ್ಲಿನ ತಿರುವುಗಳಲ್ಲಿ ನನಗೇ ತಲೆ ತಿರುಗಿತು. ಆ ಹೊತ್ತಿಗೆ ಲೆಕ್ಕ ಕೂಡಿತು. ಇಬ್ಬರಿಗೂ ಹಾಸನದಲ್ಲಿ ಕೆಲಸ. ಬಾಣಾವರದಿಂದ ಹಾಸನಕ್ಕೆ ಹೋಗುವವರು ಅರಸೀಕೆರೆಯಲ್ಲಿ ರೈಲು ಬದಲಾಯಿಸಬೇಕು. ನೋಡಲು ಬಂದ ಹುಡುಗ ಹುಡುಗಿಯನ್ನು ನೋಡತೊಡಗಿ ಆಗಲೇ ಬಹಳ ಕಾಲವಾಗಿತ್ತು. ದೊಡ್ಡಮ್ಮನ 'ಯಾರೋ' ನಮ್ಮ ಅಕ್ಕನೇ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅಪ್ಪ ಶೋಕೇಸಿನ ಪಕ್ಕದ ಕುರ್ಚಿಯಲ್ಲಿ ಕೂತು ವಿಚಾರಣೆ ಆರಂಭಿಸಿದರು. "ಏನಮ್ಮ ಮೈತ್ರಿ, ತೀರ್ಪು?"

ಅಕ್ಕ ಬೆನ್ನು ತಿರುಗಿಸಿ ಸೀರೆ ಮಡಚುತ್ತಿದ್ದಳು. ಕೈ ನಿಂತಿತು. ನನ್ನ ಹತ್ತಿರ ಸಾಕ್ಷಿಯೆಲ್ಲ ಇತ್ತು: ಪೊಟ್ಟಣ, ಬಜ್ಜಿ, ಕಡೆಯ ಸೀಟು, ಹೇಳದ ಥ್ಯಾಂಕ್ಸ್. ಬಾಯಿಬಿಟ್ಟರೆ ಗೆಲ್ಲುವುದು ಖಚಿತ. ಗೆದ್ದರೆ ಅಪ್ಪ ಎದ್ದು ಹೋಗಿ ರೇಡಿಯೊ ಬಿಚ್ಚುತ್ತಾರೆ, ಅಕ್ಕ ಸೀರೆಯನ್ನು ಬೀರುವಿನಲ್ಲಿಟ್ಟು ಒಳಗೆ ಹೋಗುತ್ತಾಳೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ನೆಟ್ಟಗೆ ನಿಂತ ಬೆನ್ನನ್ನು ನಾನು ಮತ್ತೆ ನೋಡಿಲ್ಲ.

"ಲ್ಯಾಟಿನ್ ಪೂರ್ತಿ ತಪ್ಪು ಅಪ್ಪ" ಎಂದೆ. "ಮನುಷ್ಯ ಸಿನ್ಸಿಯರ್."

ಅಪ್ಪ ಗಟ್ಟಿಯಾಗಿ ನಕ್ಕರು. "ಸುಜಾತನೇ ಯಾಕೆ ಅಂತ ಕೇಳಿದ್ಯಾ? ಏನಂದ?"

"ಬಾಯಲ್ಲಿ ಹೇಳ್ಲಿಲ್ಲ. ಆದ್ರೆ ಉತ್ತರ ಸಿಕ್ತು."

ನಾನು ಸುಳ್ಳು ಹೇಳಲಿಲ್ಲ. ಯಾವ ಅರ್ಥದಲ್ಲಿ ಸಿನ್ಸಿಯರ್ ಎಂದು ಅಪ್ಪ ಕೇಳಲೂ ಇಲ್ಲ. ದೊಡ್ಡಮ್ಮ ಹೇಳಿದ ಅರ್ಥದಲ್ಲಿ ಆತ ಸಿನ್ಸಿಯರ್ ಹೌದೇ ಹೌದು. ಅಕ್ಕ ಹೇಳಿದ ಹಾಗೆ ಕೇಳಿಕೊಂಡೇ ಬಂದಿದ್ದರು. ಮೂಲದ ಅರ್ಥದಲ್ಲೂ ಸರಿ. ಒಂದೇ ಬೇರಿನಿಂದ ಇಬ್ಬರ ಮನಸ್ಸಿನಲ್ಲೂ ಏನೋ ಬಹಳ ದಿನದಿಂದ ಬೆಳೆದಿತ್ತು. ಮೇಣದ ಅರ್ಥದಲ್ಲಿ ಮಾತ್ರ ಅಲ್ಲ. ಮೇಣ ಅಲ್ಲಿ ಧಾರಾಳವಾಗಿತ್ತು. ಆ ಘಳಿಗೆಯಲ್ಲಿ ನನ್ನ ಪಾಲಿನದನ್ನೂ ನಾನು ಸೇರಿಸಿದೆ.

ಊಟವಾದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ಹಳೆಯ 'ಓಹೋ' ಥಟ್ಟನೆ ನೆನಪಾಯಿತು. ಸಡಿಲವಾದ ಜಾಗದಿಂದ ಎದುರಾಳಿಯನ್ನು ದೂರ ಇಡಲು ಬೇರೆ ಕಡೆ ಒಂದು ತಪ್ಪು ಉದುರಿಸುವುದು. ಕಚ್ಚಿಕೊಂಡು ಕೂರುವುದು. ಗಂಟೆ ಹೊಡೆಯುವುದು. ನಾನೇ ಕಲಿಸಿದ ಪಟ್ಟು.

"ಅಕ್ಕ, ಆ ಮೇಣದ ಕಥೆ ಅವ್ರಿಗೆ ಹೇಳ್ಕೊಟ್ಟಿದ್ದು ನೀನೇ ತಾನೆ?"

ಅಕ್ಕ ಕೈಯಲ್ಲಿದ್ದ ಚಮಚವನ್ನು ಸ್ಟೀಲ್ ಲೋಟಕ್ಕೆ ತಾಗಿಸಿದಳು. ಟಣ್.

ಮದುವೆಯಾಯಿತು. ಅಕ್ಕ ಈಗ ಹಾಸನದಲ್ಲಿ. ಆನಂದ ಭಾವ ನನ್ನ ಬಾಯಲ್ಲಿ 'ಲ್ಯಾಟಿನ್ ಭಾವ' ಆಗಿದ್ದಾರೆ. ಕಥೆಯನ್ನು ಅಪ್ಪ ಊರೂರಿಗೆ ಹಂಚುತ್ತಿದ್ದಾರೆ. ನಾನು ಇಷ್ಟಕ್ಕೇ ಕೈಬಿಡುತ್ತಿದ್ದೆ, ಮೊನ್ನೆ ಶೋಕೇಸಿನ ಮುಂದೆ ನಿಲ್ಲದಿದ್ದರೆ.

ಅಕ್ಕನಿಲ್ಲದ ಮೊದಲ ಬೇಸಿಗೆ ಇದು. ಅಮ್ಮ ಹಾರನಹಳ್ಳಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದಳು. ಶನಿವಾರ ಸಂಜೆ ನೋಡಿದರೆ ಬುದ್ಧನ ಎಡಗಿವಿ ಜೋತು ಭುಜ ಮುಟ್ಟುವಂತಿತ್ತು. ಬೆಳಿಗ್ಗೆ ಚಮಚ ಬಿಸಿಮಾಡೋಣ ಎಂದುಕೊಂಡು ಸುಮ್ಮನಾದೆ. ಬೆಳಿಗ್ಗೆ ಎದ್ದು ಬಂದರೆ ಕಿವಿ ನೆಟ್ಟಗಿತ್ತು. ಅಂಚು ತೀಡಿದಂತಿತ್ತು, ಮೇಲೆ ಹದವಾಗಿ ಪೌಡರು. ಅಡುಗೆಮನೆಯ ಸಿಂಕಿನಲ್ಲಿ ತಳ ಕಪ್ಪಾದ ಒಂದು ಚಮಚ ಬಿದ್ದಿತ್ತು. ಮನೆಯಲ್ಲಿದ್ದವರು ಇಬ್ಬರು. ನಾನು ಮಾಡಿಲ್ಲ.

ಹಾಗಾದರೆ ಅಪ್ಪನಿಗೆ ಆ ಕಿವಿ ಮೇಣದ್ದೆಂದು ಗೊತ್ತು. ಯಾವಾಗಿನಿಂದ? ಒಂದು ಕಲ್ಲು ಸರಿದರೆ ಅನುಮಾನದ ಇಡೀ ಗೋಡೆ ಸರಿಯುತ್ತದೆ. ಅಕ್ಕ ದಿನಾ ರೈಲು ಹತ್ತುತ್ತಿದ್ದುದು ಅಪ್ಪ ಕೆಲಸ ಮಾಡುವ ಸ್ಟೇಷನ್ನಿನಲ್ಲಿ. ಆನಂದ ಭಾವ ದಿನಾ ರೈಲು ಬದಲಾಯಿಸುತ್ತಿದ್ದುದೂ ಅಲ್ಲೇ. ಯಾವ ಗಾಡಿಯಿಂದ ಯಾರು ಇಳಿದರು, ಯಾರು ಯಾರಿಗೆ ಕಿಟಕಿಯ ಸೀಟು ಹಿಡಿದಿಟ್ಟರು ಎಂಬುದು ಕಾಣದ ಕಣ್ಣಲ್ಲ ಅವರದು. ಎಲ್ಲ ಗೊತ್ತಿದ್ದೂ, ತಾವು ಕೇಳಿದರೆ ಅಕ್ಕ ನಿಜ ಹೇಳಿಬಿಡುತ್ತಾಳೆ, ಆಮೇಲೆ ರೇಡಿಯೊ ಬಿಚ್ಚುವ ಸರದಿ ತಮಗೆ ಬರುತ್ತದೆ ಎಂದು ಹೆದರಿ, ಕೇಳುವ ಕೆಲಸವನ್ನು ನನಗೆ ಒಪ್ಪಿಸಿದರೇ? ನಾನು ಲ್ಯಾಟಿನ್ ಕಂಡರೆ ಉಳಿದದ್ದನ್ನೆಲ್ಲ ಮರೆಯುವವಳೆಂದು ನನ್ನನ್ನು ಸಾಕಿದವರಿಗೆ ಗೊತ್ತಿರಲಿಲ್ಲವೇ?

ಭಾನುವಾರ ಅಪ್ಪ ಅದೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು. ನಾನು ಎದುರಿಗೆ ಹೋಗಿ ನಿಂತೆ. ಅಪ್ಪ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.

"ಅಪ್ಪ, ಕಿವಿ ವಿಷಯ ಬಿಡಿ. ಬೇಲೂರಿಗೆ ಹೋಗೋಕೆ ಮುಂಚೆನೇ ನಿಮಗೆ ಗೊತ್ತಿತ್ತಾ?"